ಜೊತೆಗಾರ ಬೇಕು, ಬದಲಿಗಾರ ಬೇಡ

(ಫೆಬ್ರವರಿ 5, ಸಂತ ಅಗಾತಮ್ಮನವರ ಹಬ್ಬದಂದು ರೋಗಿಗಳಿಗಾಗಿ ಅರ್ಪಿಸಿದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಇಂದು ನಮ್ಮ ಮಾತೆಯಾದ ಧರ್ಮಸಭೆಯು ಕನ್ಯೆಯೂ ರಕ್ತಸಾಕ್ಷಿಯೂ ಆದ ಸಂತ ಅಗಾತಮ್ಮನವರನ್ನು ಸ್ಮರಿಸುತ್ತದೆ. ಇಟಲಿ ದೇಶದ ಸಿಸಿಲಿ ದ್ವೀಪದಲ್ಲಿ ಕತಾನಿಯ ಎಂಬ ಊರಿದೆ. ಆ ಊರಿನಲ್ಲಿ, ದೇಸಿಯುಸ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 251ರ ಸುಮಾರಿಗೆ ಅವರು ಕ್ರಿಸ್ತನಿಗಾಗಿ ಪ್ರಾಣ ಕೊಟ್ಟರು. ಮೊದಲನೆಯ ಪರಮಪ್ರಸಾದದ ಪ್ರಾರ್ಥನೆಯಲ್ಲಿ ಗುರುಗಳು ಸಂತ ಸ್ತ್ರೀಯರ ಹೆಸರುಗಳನ್ನು ಒಂದೊಂದಾಗಿ ಹೇಳುವಾಗ ಅಗಾತಮ್ಮನವರ ಹೆಸರೂ ಬರುವುದನ್ನು ನೀವು ಕೇಳಿದ್ದೀರಿ. ಅಧಿಕಾರಿಯ ದುರಾಸೆಗೆ ಒಪ್ಪದ ಈ ಯುವತಿಯನ್ನು ಸೆರೆಗೆ ಹಾಕಿ, ಹಿಂಸಿಸಿ, ಕಡೆಗೆ ಅವರ ಸ್ತನಗಳನ್ನೇ ಕತ್ತರಿಸಿದರು ಎಂದು ಪರಂಪರೆ ಹೇಳುತ್ತದೆ. ಆದ್ದರಿಂದಲೇ ಸ್ತನದ ಕಾಯಿಲೆಯಿಂದ ನರಳುವವರು ಶತಶತಮಾನಗಳಿಂದ ಇವರ ಬಿನ್ನಹವನ್ನು ಬೇಡುತ್ತಾ ಬಂದಿದ್ದಾರೆ.

ಬಲಿಪೀಠದ ಬಳಿ ನಿಂತು ಈ ಮಾತನ್ನು ಆಡಲು ನಮಗೆ ಮುಜುಗರವಾಗಬಹುದು. ಧರ್ಮಸಭೆಗೆ ಆ ಮುಜುಗರ ಇರಲಿಲ್ಲ. ಚಿತ್ರಕಾರರು ಅಗಾತಮ್ಮನವರ ಕೈಗೆ ಒಂದು ತಟ್ಟೆ ಕೊಟ್ಟು, ಆ ತಟ್ಟೆಯಲ್ಲಿ ಅವರ ಕತ್ತರಿಸಿದ ಸ್ತನಗಳನ್ನೇ ಇಟ್ಟು ಚಿತ್ರಿಸಿದರು. ದೇವರ ಮುಂದೆ ಮುಚ್ಚಿಡಬೇಕಾದ ಅಂಗ ಯಾವುದೂ ಇಲ್ಲ, ಹೇಳಬಾರದ ನೋವು ಯಾವುದೂ ಇಲ್ಲ ಎಂಬುದೇ ಆ ಚಿತ್ರಗಳ ಪಾಠ.

ನಿನ್ನೆ, ಫೆಬ್ರವರಿ 4, ವಿಶ್ವ ಕ್ಯಾನ್ಸರ್ ದಿನ. ಮುಂದಿನ 11ರಂದು ಲೂರ್ದು ಮಾತೆಯ ಹಬ್ಬ. ಅದೇ ದಿನವನ್ನು ಪೋಪ್ ಎರಡನೇ ಜಾನ್ ಪಾಲರು 1992ರಲ್ಲಿ ರೋಗಿಗಳ ವಿಶ್ವದಿನವೆಂದು ಸಾರಿದರು. ಈ ಎರಡು ದಿನಗಳ ನಡುವೆ ಬರುವ ಅಗಾತಮ್ಮನವರ ಹಬ್ಬದಂದು ಸ್ತನ ಕ್ಯಾನ್ಸರ್ ಬಗ್ಗೆ ಮಾತನಾಡದಿದ್ದರೆ ಮತ್ತೆ ಯಾವಾಗ ಮಾತನಾಡುವುದು?

ನಮ್ಮ ದೇಶದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಈ ರೋಗ ಹೊಸದಾಗಿ ಬಂತು, ಸುಮಾರು 98 ಸಾವಿರ ಮಂದಿ ತೀರಿಕೊಂಡರು. ನಮ್ಮ ಧರ್ಮಕೇಂದ್ರದಲ್ಲಿ ಯಾವ ಬೀದಿಗೆ ಹೋದರೂ ಈ ನೋವನ್ನು ಕಂಡ ಒಂದು ಮನೆ ಸಿಗುತ್ತದೆ.

ಆ ಮನೆಯಲ್ಲಿ ಏನಾಗುತ್ತದೆ? ಸುದ್ದಿ ತಿಳಿದ ಕೂಡಲೇ ಬಂಧುಬಳಗದವರು ಬರುತ್ತಾರೆ. ಒಬ್ಬರು ಅಮೃತಬಳ್ಳಿಯ ಕಷಾಯ ಹೇಳುತ್ತಾರೆ. ಇನ್ನೊಬ್ಬರು ಲಕ್ಷ್ಮಣ ಫಲದ ಎಲೆ ತರುತ್ತಾರೆ. ಮತ್ತೊಬ್ಬರು ರಾತ್ರಿ ಬಸ್ಸು ಹತ್ತಿ ದೂರದ ಊರಿಗೆ ಹೋಗಿ, ಸಾಲಿನಲ್ಲಿ ನಿಂತು ಮರದ ತೊಗಟೆ ತರುತ್ತಾರೆ. ಹೊರದೇಶದಲ್ಲಿರುವ ಮಗ ಕ್ಯಾಪ್ಸೂಲಿನ ಬಾಟಲಿ ಕಳುಹಿಸುತ್ತಾನೆ. ಇವೆಲ್ಲದರ ಜೊತೆಗೆ ಎಲ್ಲರೂ ಸೇರಿ ಆಕೆಗೆ ಹೇಳುವ ಒಂದು ಮಾತಿದೆ: “ನೀನು ಏನೂ ಮಾಡಬೇಡ, ಸುಮ್ಮನೆ ಮಲಗಿಕೋ.” ಹೀಗೆ ಒಂದು ಕೈಗೆ ಕಷಾಯದ ಲೋಟ ಬರುತ್ತದೆ, ಇನ್ನೊಂದು ಕಡೆ ಹಾಸಿಗೆ ಸಿದ್ಧವಾಗುತ್ತದೆ. ಎರಡೂ ಪ್ರೀತಿಯಿಂದಲೇ ಬರುತ್ತವೆ. ಆದರೆ ಪ್ರೀತಿಗೂ ವಿವೇಕ ಬೇಕು. ಗಿಡಮೂಲಿಕೆಯ ಬಗ್ಗೆ, ದೇಹದ ಚಟುವಟಿಕೆಯ ಬಗ್ಗೆ, ವಿಶ್ವಾಸಿಗಳಾದ ನಾವು ಹೇಗೆ ಯೋಚಿಸಬೇಕು ಎಂಬುದನ್ನು ಇಂದು ಧ್ಯಾನಿಸೋಣ.

ಸೆರೆಮನೆಗೆ ಬಂದ ಮುದುಕ

ಅಗಾತಮ್ಮನವರ ಚರಿತ್ರೆಯಲ್ಲಿ ಒಂದು ಘಟನೆ ಇದೆ. ಗಾಯಗೊಂಡು ಸೆರೆಮನೆಯಲ್ಲಿ ಬಿದ್ದಿದ್ದ ಅವರ ಬಳಿಗೆ ರಾತ್ರಿ ಒಬ್ಬ ಮುದುಕರು ಔಷಧಿಗಳನ್ನು ಹಿಡಿದು ಬರುತ್ತಾರೆ. ಅಗಾತಮ್ಮನವರು ಮೊದಲು ಒಪ್ಪುವುದಿಲ್ಲ. ತನ್ನ ದೇಹಕ್ಕೆ ಲೋಕದ ಔಷಧಿ ಬೇಡ, ಕ್ರಿಸ್ತನೇ ಸಾಕು ಎನ್ನುತ್ತಾರೆ. ಆಗ ಆ ಮುದುಕರು ನಕ್ಕು, ತಾನು ಪ್ರಭುವಿನ ಪ್ರೇಷಿತನಾದ ಪೇತ್ರ, ಆತನೇ ತನ್ನನ್ನು ಕಳುಹಿಸಿದನು ಎಂದು ತಿಳಿಸುತ್ತಾರೆ. ಅಗಾತಮ್ಮನವರು ನೋಡಿಕೊಂಡಾಗ ಗಾಯಗಳು ವಾಸಿಯಾಗಿರುತ್ತವೆ.

ಈ ಕಥೆಯನ್ನು ಕೇಳಿ “ನೋಡಿ ಫಾದರ್, ಸಂತರು ಔಷಧಿಯನ್ನೇ ಬೇಡವೆಂದರು” ಎನ್ನುವವರು ಇದ್ದಾರೆ. ಕೆಲವು ಪ್ರಾರ್ಥನಾ ಕೂಟಗಳಲ್ಲಿ, ಮಾತ್ರೆ ಬಿಟ್ಟರೆ ಮಾತ್ರ ವಿಶ್ವಾಸ ಇದ್ದಂತೆ ಎಂದು ಹೇಳುವವರೂ ಇದ್ದಾರೆ. ಆದರೆ ಕಥೆಯನ್ನು ಪೂರ್ತಿ ಕೇಳಿ. ಕ್ರಿಸ್ತನು ಅಗಾತಮ್ಮನವರ ಬಳಿಗೆ ಕಳುಹಿಸಿದ್ದು ಔಷಧಿ ಹಿಡಿದ ಮನುಷ್ಯನನ್ನೇ. ಬಾಗಿಲಿಗೆ ಬಂದ ಆ ಮುದುಕನನ್ನು ಕಳುಹಿಸಿದವನು ಯಾರೆಂದು ಅಗಾತಮ್ಮನವರಿಗೆ ಮೊದಲು ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನಮ್ಮ ಮುಂದೆ ಕುಳಿತ ವೈದ್ಯರನ್ನು ಕಳುಹಿಸಿದವನು ಯಾರೆಂದು ನಮಗೂ ಹಲವು ಸಲ ಗೊತ್ತಾಗುವುದಿಲ್ಲ.

ಪವಿತ್ರ ಗ್ರಂಥವೂ ಇದನ್ನೇ ಕಲಿಸುತ್ತದೆ. ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಮನೆಗೆ ಹೋಗಿ ಓದಿ. ದೇವರು ಭೂಮಿಯಿಂದಲೇ ಮದ್ದನ್ನು ಹುಟ್ಟಿಸಿದ್ದಾರೆ, ತಿಳಿದವನು ಅದನ್ನು ತಿರಸ್ಕರಿಸುವುದಿಲ್ಲ ಎಂದು ಆ ಜ್ಞಾನಿ ಹೇಳುತ್ತಾನೆ. ಕಾಯಿಲೆ ಬಂದಾಗ ಪ್ರಾರ್ಥಿಸು ಎನ್ನುತ್ತಾನೆ. ಅಷ್ಟಕ್ಕೇ ನಿಲ್ಲದೆ, ವೈದ್ಯನಿಗೂ ಎಡೆ ಕೊಡು ಎನ್ನುತ್ತಾನೆ. ಪ್ರಾರ್ಥನೆಯೂ ವೈದ್ಯನೂ ಒಂದೇ ಅಧ್ಯಾಯದಲ್ಲಿ, ಅಕ್ಕಪಕ್ಕದಲ್ಲಿ ಇದ್ದಾರೆ. ಲೂರ್ದಿನಲ್ಲಿ ಕೂಡ ನೋಡಿ. ಯಾರಾದರೂ ಗುಣವಾದೆ ಎಂದು ಹೇಳಿದರೆ ಧರ್ಮಸಭೆ ಕೂಡಲೇ ಅದ್ಭುತವೆಂದು ಸಾರುವುದಿಲ್ಲ. 1883ರಿಂದಲೂ ಅಲ್ಲಿ ವೈದ್ಯರ ಕಚೇರಿ ಇದೆ. ಮೊದಲು ವೈದ್ಯರು ಪರೀಕ್ಷಿಸಬೇಕು. ಅದ್ಭುತವನ್ನೇ ವೈದ್ಯರ ಮುಂದಿಡುವ ಧರ್ಮಸಭೆಯ ಮಕ್ಕಳು ನಾವು. ಒಂದು ಪೊಟ್ಟಣ ಪುಡಿಯನ್ನು ವೈದ್ಯರಿಗೆ ತೋರಿಸಲು ಹೆದರಬೇಕೇ?

ಗಿಡಮೂಲಿಕೆಯ ವರವೂ ಎಚ್ಚರವೂ

ಮೊದಲು ಗಿಡಮೂಲಿಕೆಯ ಮಾತು. ಧರ್ಮಸಭೆ ಎಂದೂ ಸೊಪ್ಪು ಬೇರುಗಳ ವೈರಿಯಲ್ಲ. ಪ್ರವಾದಿ ಯೆಶಾಯನು ಹಿಜ್ಕೀಯ ಅರಸನ ಹುಣ್ಣಿಗೆ ಅಂಜೂರದ ಪಟ್ಟು ಹಾಕಿಸಿದನು. ದೇವರು ಗುಣಪಡಿಸುತ್ತೇನೆಂದು ಮಾತು ಕೊಟ್ಟ ಮೇಲೆಯೂ ಅಂಜೂರ ಬೇಕಾಯಿತು. 12ನೆಯ ಶತಮಾನದಲ್ಲಿ ಜರ್ಮನಿಯ ಮಠಮಾತೆ ಸಂತ ಹಿಲ್ದೆಗಾರ್ದ್ ಅವರು ಗಿಡಗಳ ಔಷಧೀಯ ಗುಣಗಳ ಬಗ್ಗೆ ಗ್ರಂಥವನ್ನೇ ಬರೆದರು. 2012ರಲ್ಲಿ ಪೋಪ್ 16ನೇ ಬೆನೆಡಿಕ್ಟರು ಅವರನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು.

ಇನ್ನೂ ಒಂದು ವಿಷಯ ನಮ್ಮ ತಾಯಂದಿರಿಗೆ ತಿಳಿದಿರಲಿ. ನೀವು ಹೆದರುವ ಕೀಮೋಥೆರಪಿಯಲ್ಲೇ ಗಿಡಮೂಲಿಕೆ ಇದೆ. ಸ್ತನ ಕ್ಯಾನ್ಸರ್‌ಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧಿ ಮೊದಲು ಸಿಕ್ಕಿದ್ದು ಒಂದು ಮರದ ತೊಗಟೆಯಲ್ಲಿ. ಅಮೆರಿಕದ ಪಶ್ಚಿಮದ ಕಾಡುಗಳಲ್ಲಿ ಬೆಳೆಯುವ ಪೆಸಿಫಿಕ್ ಯೂ ಎಂಬ ಮರದಿಂದ 1962ರಲ್ಲಿ ಆ ತೊಗಟೆಯನ್ನು ಕಿತ್ತು ತಂದರು. ಅದರೊಳಗಿನ ಸಾರ ಏನೆಂದು 1971ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. 1994ರಲ್ಲಿ ಸ್ತನ ಕ್ಯಾನ್ಸರ್‌ಗೆ ಬಳಸಲು ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು, ಎಷ್ಟಾದರೆ ವಿಷ ಎಂದು ತಿಳಿಯಲು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ನಮ್ಮ ಅಂಗಳದಲ್ಲಿ ಅರಳುವ ನಿತ್ಯಪುಷ್ಪದಿಂದಲೂ ಕ್ಯಾನ್ಸರ್ ಔಷಧಿಗಳು ಬಂದಿವೆ. ಆದರೆ ಆ ಎಲೆಯನ್ನು ಮನೆಯಲ್ಲಿ ಅರೆದು ಕುಡಿದರೆ ಅದು ಔಷಧಿಯಲ್ಲ, ವಿಷ. ತೊಗಟೆಗಾಗಿ ದೂರದ ಊರಿಗೆ ಹೋಗುವ ಅಮ್ಮಾ, ಪರೀಕ್ಷಿಸಿ, ಶೋಧಿಸಿ, ತೂಕಮಾಡಿದ ತೊಗಟೆಯ ಸಾರ ಆಸ್ಪತ್ರೆಯ ಡ್ರಿಪ್ಪಿನಲ್ಲೇ ನಿನಗಾಗಿ ಕಾದಿದೆ.

ಹಾಗಾದರೆ ಅಡುಗೆಮನೆಯ ಮದ್ದು ಏನೂ ಬೇಡವೇ? ಬೇಕು, ಅದರ ಜಾಗದಲ್ಲಿ. ಕೀಮೋಥೆರಪಿಯ ವಾಕರಿಕೆಗೆ ಶುಂಠಿ ಸಹಾಯ ಮಾಡುತ್ತದೆಯೇ ಎಂದು ಅಮೆರಿಕದಲ್ಲಿ 576 ರೋಗಿಗಳಲ್ಲಿ ಪರೀಕ್ಷಿಸಿದರು. ಅದು 2012ರಲ್ಲಿ ಪ್ರಕಟವಾಯಿತು. ದಿನಕ್ಕೆ ಅರ್ಧ ಗ್ರಾಮಿನಿಂದ ಒಂದು ಗ್ರಾಮಿನಷ್ಟು ಶುಂಠಿ ತೆಗೆದುಕೊಂಡವರಿಗೆ ಮೊದಲ ದಿನದ ವಾಕರಿಕೆ ಕಡಿಮೆಯಾಯಿತು. ಆದರೆ ಗಮನಿಸಿ: ಅವರೆಲ್ಲರೂ ವೈದ್ಯರು ಕೊಟ್ಟ ವಾಂತಿಯ ಮಾತ್ರೆಯನ್ನೂ ನುಂಗುತ್ತಿದ್ದರು. ಶುಂಠಿ ಮಾತ್ರೆಯ ಜೊತೆಗೆ ಬಂತು, ಅದರ ಸ್ಥಾನವನ್ನು ಕಸಿದುಕೊಳ್ಳಲಿಲ್ಲ. ಇಂದಿನ ಪ್ರಬೋಧನೆಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಗಿಡಮೂಲಿಕೆ ಜೊತೆಗಾರನಾಗಬಹುದು, ಬದಲಿಗಾರನಾಗಬಾರದು.

ಜೊತೆಗಾರನೂ ಕೆಲವೊಮ್ಮೆ ಕಾಲು ತೊಡರಿಸುತ್ತಾನೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಯಾರೂ ಹೆದರಬೇಕಿಲ್ಲ. ಆದರೆ ಅರಿಶಿನದ ಸಾರವನ್ನು ಗಟ್ಟಿಮಾಡಿದ ಕ್ಯಾಪ್ಸೂಲು ಬೇರೆಯೇ ಸಂಗತಿ. ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮಿನಲ್ಲಿ ಟಮಾಕ್ಸಿಫೆನ್ ಮಾತ್ರೆ ನುಂಗುತ್ತಿದ್ದ 16 ಮಂದಿಗೆ ಅಂಥ ಕ್ಯಾಪ್ಸೂಲು ಕೊಟ್ಟು ನೋಡಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ರಕ್ತದಲ್ಲಿ ಆ ಮಾತ್ರೆಯ ಕೆಲಸ ಮಾಡುವ ಅಂಶವೇ ಕಡಿಮೆಯಾಯಿತು. ಕರಿಮೆಣಸಿನ ಸಾರ ಸೇರಿಸಿದಾಗ ಇನ್ನೂ ಕಡಿಮೆಯಾಯಿತು. ಕ್ಯಾನ್ಸರ್ ಮರಳಿ ಬಾರದಿರಲೆಂದು ಐದು, ಹತ್ತು ವರ್ಷ ನುಂಗುವ ಮಾತ್ರೆಯ ಬಲವನ್ನು ನಾವೇ ಕುಗ್ಗಿಸಿಕೊಂಡಂತಾಯಿತಲ್ಲವೇ?

ಅಮೃತಬಳ್ಳಿಯ ಹೆಸರು ಕೇಳಿದರೇ ನಮಗೆ ಧೈರ್ಯ. ಆದರೆ 2021ರಲ್ಲಿ ಮುಂಬಯಿಯ ವೈದ್ಯರು, ಅಮೃತಬಳ್ಳಿಯನ್ನು ಸೇವಿಸುತ್ತಿದ್ದ 6 ಮಂದಿಯಲ್ಲಿ ಯಕೃತ್ತಿಗೆ ಪೆಟ್ಟಾದುದನ್ನು ವರದಿ ಮಾಡಿದರು. ಕೀಮೋಥೆರಪಿಯ ಔಷಧಿಗಳನ್ನು ಅರಗಿಸಿ ಹೊರಹಾಕುವುದರಲ್ಲಿ ಯಕೃತ್ತಿನ ಪಾತ್ರ ದೊಡ್ಡದು. ಲಕ್ಷ್ಮಣ ಫಲ ಕ್ಯಾನ್ಸರನ್ನು ವಾಸಿಮಾಡುತ್ತದೆ ಎಂಬುದು ರೋಗಿಗಳಲ್ಲಿ ಸಾಬೀತಾಗಿಲ್ಲ. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಆ ಹಣ್ಣನ್ನೂ ಎಲೆಯ ಕಷಾಯವನ್ನೂ ಹೆಚ್ಚಾಗಿ ಬಳಸುವವರಲ್ಲಿ ನಡುಕದ ನರರೋಗ ಕಾಣಿಸಿಕೊಂಡದ್ದನ್ನು 1999ರಲ್ಲೇ ವೈದ್ಯರು ಬರೆದರು. ಹೊರದೇಶದಿಂದ ಬರುವ ಬಾಟಲಿಗಳಲ್ಲಿ ಸೇಂಟ್ ಜಾನ್ಸ್ ವರ್ಟ್ ಎಂಬುದೊಂದಿದೆ. ಸ್ನಾನಿಕ ಯೊವಾನ್ನರ ಹಬ್ಬದ ಸುಮಾರಿಗೆ ಅರಳುವ ಗಿಡವಾದ್ದರಿಂದ ಸಂತರ ಹೆಸರು. ಮನಸ್ಸಿನ ಬೇಸರಕ್ಕೆಂದು ಅದನ್ನು ಕೊಡುತ್ತಾರೆ. ಆದರೆ ಅದು ಕೆಲವು ಕ್ಯಾನ್ಸರ್ ಔಷಧಿಗಳನ್ನು ದೇಹವು ಬೇಗನೆ ಹೊರಹಾಕುವಂತೆ ಮಾಡಿ ಅವುಗಳ ಬಲವನ್ನು ತಗ್ಗಿಸುತ್ತದೆ. ಸಂತರ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಎಲ್ಲರಿಗೂ ಒಳ್ಳೆಯದಲ್ಲ.

ಇನ್ನೊಂದು ಎಚ್ಚರ. ಕೀಮೋಥೆರಪಿಯ ದಿನಗಳಲ್ಲಿ ಬಿಳಿ ರಕ್ತಕಣಗಳು ಇಳಿದಿರುತ್ತವೆ. ಆಗ ಬೇಯಿಸದ ಸೊಪ್ಪಿನ ಹಸಿ ರಸದಿಂದ ಸೋಂಕು ತಗಲಬಹುದು. ಹೆಸರಿಲ್ಲದ, ಮೊಹರಿಲ್ಲದ ಪುಡಿಯಲ್ಲಿ ಏನೇನು ಬೆರೆತಿದೆ ಎಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಕೆಲವು ಮೂಲಿಕೆಗಳನ್ನು ನಿಲ್ಲಿಸದಿದ್ದರೆ ರಕ್ತಸ್ರಾವ ಹೆಚ್ಚಾಗಬಹುದು. ಆದ್ದರಿಂದ ಆಯುರ್ವೇದದ ವೈದ್ಯರ ಬಳಿಗೆ ಹೋಗುವವರು ಹೋಗಿ, ಆದರೆ ಇಬ್ಬರು ವೈದ್ಯರಿಗೂ ಎರಡೂ ಚೀಟಿಗಳನ್ನು ತೋರಿಸಿ.

ಬದಲಿಗಾರನಾದರೆ ಏನಾಗುತ್ತದೆ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗುಣಪಡಿಸಬಹುದಾದ ಹಂತದಲ್ಲಿದ್ದ ಕ್ಯಾನ್ಸರ್‌ಗೆ ಆಸ್ಪತ್ರೆಯ ಚಿಕಿತ್ಸೆಯನ್ನು ಬಿಟ್ಟು ಬೇರೆ ಮದ್ದನ್ನಷ್ಟೇ ನಂಬಿದವರನ್ನು, ಚಿಕಿತ್ಸೆ ಪಡೆದವರೊಂದಿಗೆ ಹೋಲಿಸಿದರು. ಸ್ತನ ಕ್ಯಾನ್ಸರ್ ರೋಗಿಗಳಲ್ಲಿ, ಚಿಕಿತ್ಸೆ ಬಿಟ್ಟವರು ಸಾಯುವ ಅಪಾಯ ಐದು ಪಟ್ಟಿಗಿಂತಲೂ ಹೆಚ್ಚಾಗಿತ್ತು. ಈ ಲೆಕ್ಕದ ಹಿಂದೆ ತಾಯಂದಿರಿದ್ದಾರೆ, ಮಕ್ಕಳಿದ್ದಾರೆ.

ನಾನು ಹಿಂದೆ ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಒಬ್ಬ ತಾಯಿ ಪೂಜೆಯ ನಂತರ ಕೈಯಲ್ಲಿ ಒಂದು ಪೊಟ್ಟಣ ಹಿಡಿದು ಬಂದರು. “ಫಾದರ್, ಈ ಪುಡಿಯನ್ನು ಆಶೀರ್ವದಿಸಿ ಕೊಡಿ” ಎಂದರು. ಡಾಕ್ಟರ್ ಏನು ಹೇಳಿದರಮ್ಮಾ ಎಂದು ಕೇಳಿದೆ. “ಆಪರೇಷನ್ ಅಂದ್ರು ಫಾದರ್. ಮನೆಯಲ್ಲಿ, ಮೊದಲು ಮೂರು ತಿಂಗಳು ಇದನ್ನು ತಗೊಂಡು ನೋಡೋಣ ಅಂತಾರೆ” ಎಂದರು. ನಾನು ಅವರ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದೆ. ಆ ಪೊಟ್ಟಣವನ್ನು ಹಾಗೆಯೇ ವೈದ್ಯರ ಮೇಜಿನ ಮೇಲೆ ಇಡಲು ಹೇಳಿದೆ. ಅವರ ಯಜಮಾನರೊಂದಿಗೂ ಕುಳಿತು ಮಾತನಾಡಿದೆವು. ಆ ವಾರವೇ ಆಸ್ಪತ್ರೆಗೆ ಹೋದರು. ಅಷ್ಟರಲ್ಲಿ ರೋಗ ಕಂಕುಳಿನ ಗ್ರಂಥಿಗೂ ಹರಡಿತ್ತು. ಚಿಕಿತ್ಸೆ ದೀರ್ಘವಾಯಿತು, ಕಷ್ಟವೂ ಆಯಿತು. ಆ ಮನೆಯವರು ಕೆಟ್ಟವರಲ್ಲ. ಚಾಕು ಎಂದರೆ ಹೆದರಿದರು, ಖರ್ಚು ಎಂದರೆ ಹೆದರಿದರು, ಪುಡಿ ಸುಲಭವಾಗಿ ಕಂಡಿತು. ಇಂಥ ಹೆದರಿಕೆ ನಿಮ್ಮ ಮನೆಗೂ ಬಂದರೆ ಮೂರು ತಿಂಗಳು ಕಾಯಬೇಡಿ, ಆ ಸಂಜೆಯೇ ಬಂದು ಬಾಗಿಲು ತಟ್ಟಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಿವೆ, ಬಡವರಿಗಾಗಿ ಸರ್ಕಾರದ ಆರೋಗ್ಯ ಯೋಜನೆಗಳಿವೆ. ದಾರಿ ಹುಡುಕಲು ಧರ್ಮಕೇಂದ್ರ ನಿಮ್ಮೊಂದಿಗಿದೆ.

ಏಳು, ದಾರಿ ದೂರವಿದೆ

ಇನ್ನು ದೇಹದ ಚಟುವಟಿಕೆಯ ಮಾತು. ಪ್ರವಾದಿ ಎಲೀಯನ ಕಥೆ ನಿಮಗೆ ಗೊತ್ತು. ದಣಿದು, ಸಾಕಪ್ಪಾ ಈ ಜೀವ ಎಂದು ಒಂದು ಗಿಡದ ನೆರಳಲ್ಲಿ ಮಲಗಿಬಿಟ್ಟನು. ದೇವದೂತನು ಬಂದು ಗದರಿಸಲಿಲ್ಲ. ಮುಟ್ಟಿ ಎಬ್ಬಿಸಿದನು, ರೊಟ್ಟಿ ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು. ಎರಡನೆಯ ಸಲ ಎಬ್ಬಿಸಿ, ದಾರಿ ದೂರವಿದೆ ಎಂದು ನೆನಪಿಸಿದನು. ಎಲೀಯನು ಎದ್ದು ನಡೆದನು. ಕ್ಯಾನ್ಸರ್ ಚಿಕಿತ್ಸೆಯ ದಣಿವು ಎಲೀಯನ ದಣಿವಿನಂತೆ. ಹೊಲದ ಕೆಲಸದ ದಣಿವು ರಾತ್ರಿ ಮಲಗಿದರೆ ಹೋಗುತ್ತದೆ. ಈ ದಣಿವು ಮಲಗಿದಷ್ಟೂ ಹೆಚ್ಚುತ್ತದೆ. ಸ್ನಾಯುಗಳು ಕರಗುತ್ತವೆ, ನಿದ್ದೆ ಕೆಡುತ್ತದೆ, ಮನಸ್ಸು ಕುಸಿಯುತ್ತದೆ.

ಹಿಂದೆ ವೈದ್ಯರೂ ವಿಶ್ರಾಂತಿಯನ್ನೇ ಹೇಳುತ್ತಿದ್ದರು. ಈಗ ತಿಳಿವಳಿಕೆ ಬದಲಾಗಿದೆ. ಹಲವು ದೇಶಗಳ ತಜ್ಞರು ಸೇರಿ 2019ರಲ್ಲಿ ಪ್ರಕಟಿಸಿದ ಸಲಹೆಯಂತೆ, ವಾರಕ್ಕೆ ಮೂರು ದಿನ, ದಿನಕ್ಕೆ 30 ನಿಮಿಷ ಚುರುಕಾದ ನಡಿಗೆಯಂಥ ವ್ಯಾಯಾಮ ಮಾಡಿದರೆ ಕ್ಯಾನ್ಸರ್ ರೋಗಿಗಳ ದಣಿವು, ಆತಂಕ, ಖಿನ್ನತೆ ತಗ್ಗುತ್ತವೆ. ದೇಹದ ಶಕ್ತಿ ಹೆಚ್ಚುತ್ತದೆ. ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ಸೇರಿದರೆ ಇನ್ನೂ ಒಳ್ಳೆಯದು. ನಮ್ಮ ಬೆಂಗಳೂರಿನಲ್ಲೇ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು ಕ್ಯಾನ್ಸರ್ ವೈದ್ಯರೊಂದಿಗೆ ಸೇರಿ ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಅಧ್ಯಯನ ನಡೆಸಿದರು. 2007ರಲ್ಲಿ ಅದು ಪ್ರಕಟವಾಯಿತು. ಯೋಗಾಭ್ಯಾಸ ಮಾಡಿದವರಲ್ಲಿ ಕೀಮೋಥೆರಪಿಯ ವಾಕರಿಕೆ ಕಡಿಮೆಯಾಗಿತ್ತು. ಅವರೂ ಕೀಮೋಥೆರಪಿಯನ್ನು ಬಿಟ್ಟಿರಲಿಲ್ಲ. ಇಲ್ಲಿಯೂ ಅದೇ ಪಾಠ: ಜೊತೆಗಾರ.

ನಡೆದರೆ ಕ್ಯಾನ್ಸರ್ ವಾಸಿಯಾಗುತ್ತದೆಯೇ ಎಂದು ನೀವು ಕೇಳಬಹುದು. ಇಲ್ಲ, ನಡಿಗೆ ಗಡ್ಡೆಯನ್ನು ಕರಗಿಸುವುದಿಲ್ಲ. ಅಮೆರಿಕದ ದಾದಿಯರನ್ನು ಹಲವು ವರ್ಷ ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ತನ ಕ್ಯಾನ್ಸರ್ ಬಂದ ಮೇಲೆ ವಾರಕ್ಕೆ ಮೂರರಿಂದ ಐದು ಗಂಟೆ ನಡೆಯುತ್ತಿದ್ದವರಲ್ಲಿ ಸಾವು ಕಡಿಮೆ ಕಂಡಿತು. ಅದು ನಡಿಗೆಯ ಫಲವೋ, ಗಟ್ಟಿಮುಟ್ಟಾಗಿದ್ದವರೇ ಹೆಚ್ಚು ನಡೆದರೋ ಎಂಬುದನ್ನು ಇಂಥ ಅಧ್ಯಯನ ತೀರ್ಮಾನಿಸಲಾರದು. ಆದರೂ ಒಂದು ಖಚಿತ: ಚಿಕಿತ್ಸೆಯನ್ನು ತಾಳಿಕೊಳ್ಳುವ ದೇಹಕ್ಕೂ ಮನಸ್ಸಿಗೂ ನಡಿಗೆ ಆಸರೆ.

ಕೈಯ ವಿಷಯವನ್ನೂ ಹೇಳಬೇಕು. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಕೆಲವರಿಗೆ ಆ ಬದಿಯ ಕೈ ಬಾತುಕೊಳ್ಳುತ್ತದೆ. ಆ ಹೆದರಿಕೆಯಿಂದ ಕೈಯನ್ನು ಎದೆಗೆ ಒತ್ತಿಕೊಂಡೇ ಇರುವವರು ಇದ್ದಾರೆ. ದಿನ ಕಳೆದಂತೆ ಭುಜ ಬಿಗಿದು, ಕೂದಲು ಬಾಚಲೂ ಆಗದಂತಾಗುತ್ತದೆ. ಆ ಕೈಯಿಂದ ಭಾರ ಎತ್ತಲೇಬಾರದು ಎಂದು ಹಿಂದೆ ಹೇಳುತ್ತಿದ್ದರು. 2009ರಲ್ಲಿ ಪ್ರಕಟವಾದ, 141 ಮಹಿಳೆಯರ ಅಧ್ಯಯನ ಬೇರೆಯದನ್ನೇ ತೋರಿಸಿತು. ಈಗಾಗಲೇ ಕೈ ಬಾತಿದ್ದ ಆ ಮಹಿಳೆಯರಲ್ಲಿ ಒಂದು ಗುಂಪಿನವರು, ತರಬೇತಿ ಪಡೆದವರ ಎದುರಿನಲ್ಲಿ ಸ್ವಲ್ಪ ಸ್ವಲ್ಪವೇ ಭಾರ ಹೆಚ್ಚಿಸುತ್ತಾ ವ್ಯಾಯಾಮ ಮಾಡಿದರು. ಬಾವು ಹೆಚ್ಚಾಗಲಿಲ್ಲ, ಅದು ಉಲ್ಬಣವಾಗುವುದೂ ಕಡಿಮೆಯಾಯಿತು.

ಸಿನಗಾಗಿನಲ್ಲಿ ಕೈ ಬತ್ತಿದ್ದ ಒಬ್ಬ ಮನುಷ್ಯನಿಗೆ ಪ್ರಭು ಏನು ಹೇಳಿದರೆಂದು ನೆನಪಿದೆಯೇ? ಎಲ್ಲರ ನಡುವೆ ಎದ್ದು ನಿಲ್ಲಿಸಿ, ಆ ಕೈಯನ್ನೇ ಚಾಚಲು ಹೇಳಿದರು. ಮುಚ್ಚಿಟ್ಟುಕೊಂಡಿದ್ದ ಕೈಯನ್ನು ಅವನು ಚಾಚಿದನು. ಆಪರೇಷನ್ ಆದ ತಾಯಿ ಗೋಡೆಯ ಮುಂದೆ ನಿಂತು, ಬೆರಳುಗಳನ್ನು ಮೆಲ್ಲನೆ ಗೋಡೆಯ ಮೇಲೆ ಹತ್ತಿಸುತ್ತಾ, ನಿನ್ನೆಗಿಂತ ಒಂದು ಅಂಗುಲ ಮೇಲಕ್ಕೆ ಮುಟ್ಟಿದಾಗ, ಪ್ರಭುವಿನ ಮಾತಿಗೆ ಆಕೆಯೂ ವಿಧೇಯಳಾಗುತ್ತಿದ್ದಾಳೆ ಎಂದು ನಾನು ನಂಬುತ್ತೇನೆ. ಯಾವಾಗ ಆರಂಭಿಸಬೇಕು, ಎಷ್ಟು ಚಾಚಬೇಕು ಎಂಬುದನ್ನು ವೈದ್ಯರನ್ನೋ ಫಿಸಿಯೋಥೆರಪಿಯವರನ್ನೋ ಕೇಳಿ ಮಾಡಬೇಕು. ಜ್ವರ ಇರುವಾಗ, ಉಸಿರು ಕಟ್ಟುವಾಗ, ಎದೆ ನೋಯುವಾಗ ವ್ಯಾಯಾಮ ಬೇಡ, ಆಸ್ಪತ್ರೆಗೆ ಹೋಗಬೇಕು. ಮೂಳೆಗೆ ರೋಗ ಹರಡಿರುವವರು, ರಕ್ತಕಣಗಳು ತೀರಾ ಇಳಿದಿರುವವರು, ಹೃದಯದ ತೊಂದರೆ ಇರುವವರು ವೈದ್ಯರ ಅಪ್ಪಣೆ ಇಲ್ಲದೆ ಹೊಸ ವ್ಯಾಯಾಮಕ್ಕೆ ಕೈಹಾಕಬಾರದು. ಔಷಧಿಯಿಂದ ಪಾದ ಜೋಮು ಹಿಡಿದವರು ಒಬ್ಬರೇ ಹೋಗದೆ ಯಾರಾದರೂ ಜೊತೆಯಲ್ಲಿ, ಸಮತಟ್ಟಾದ ದಾರಿಯಲ್ಲಿ ನಡೆಯಲಿ.

ಗಡಿಯಾರ ನೋಡಿ ನಡೆಯುವುದು ಬೇಸರವೇ? ಜಪಸರ ಹಿಡಿದು ನಡೆಯಿರಿ. ಮೊದಲ ವಾರ ಎರಡು ರಹಸ್ಯಗಳು ಮುಗಿಯುವಷ್ಟು ಹೊತ್ತು, ನಂತರ ಮೂರು, ಆಮೇಲೆ ಐದೂ. ಒಂದು ಜಪಸರ ಮುಗಿಯುವ ಹೊತ್ತಿಗೆ ಹದಿನೈದು ಇಪ್ಪತ್ತು ನಿಮಿಷ ನಡೆದಿರುತ್ತೀರಿ. ಸುಸ್ತಾದ ದಿನ ಒಂದೇ ರಹಸ್ಯ ಸಾಕು. ಎಲೀಯನಿಗೂ ದೇವದೂತನು ಎರಡನೆಯ ಸಲ ಮಲಗಲು ಬಿಟ್ಟನು.

ಮನೆಯವರ ಪಾಲು, ಧರ್ಮಕೇಂದ್ರದ ಪಾಲು

ಈಗ ಗಂಡಸರಿಗೆ ಒಂದು ಮಾತು. ಮನೆಯಾಕೆಗೆ “ನಡೆ, ನಡೆ” ಎಂದು ಹೇಳಿದರೆ ಸಾಲದು. ಬೆಳಿಗ್ಗೆ ತಿಂಡಿ, ಮಕ್ಕಳ ಬುತ್ತಿ, ಅತ್ತೆಯವರ ಕಾಫಿ, ನೀರು, ಬಟ್ಟೆ, ಎಲ್ಲವೂ ಆಕೆಯ ತಲೆಯ ಮೇಲೇ ಇದ್ದರೆ ಆಕೆ ಯಾವಾಗ ನಡೆಯಬೇಕು? ಮನೆಗೆಲಸದಲ್ಲೇ ವ್ಯಾಯಾಮ ಆಗುತ್ತದಲ್ಲ ಎನ್ನಬೇಡಿ. ದಣಿಸುವ ಕೆಲಸವೇ ಬೇರೆ, ಬಲ ಕೊಡುವ ನಡಿಗೆಯೇ ಬೇರೆ. ಯಜಮಾನರು ಒಂದು ಹೊತ್ತಿನ ಅಡುಗೆ ಮಾಡಲಿ, ಮಗ ನೀರು ಹಿಡಿಯಲಿ, ಆ ಅರ್ಧ ಗಂಟೆ ಅಮ್ಮನದಾಗಲಿ. ಅದೂ ಔಷಧಿಯೇ, ಯಾವ ಅಂಗಡಿಯಲ್ಲೂ ಸಿಗದ ಔಷಧಿ.

ಬಂಧುಗಳಿಗೂ ನೆರೆಯವರಿಗೂ ಒಂದು ಮಾತು. ರೋಗಿಯನ್ನು ನೋಡಲು ಹೋಗುವಾಗ ಹೊಸದೊಂದು ಮದ್ದನ್ನು ಹೇಳಿಬರುವುದು ಕರ್ತವ್ಯವೆಂದು ತಿಳಿಯಬೇಡಿ. ನೀವು ಹೇಳಿದ್ದನ್ನು ತೆಗೆದುಕೊಳ್ಳದಿದ್ದರೆ ನಿಮಗೆ ಬೇಸರವಾಗುತ್ತದೆಂದು ಆಕೆ ಕುಡಿಯುತ್ತಾಳೆ. ವೈದ್ಯರು ಬೈಯುತ್ತಾರೆಂದು ಅವರಿಂದ ಮುಚ್ಚಿಡುತ್ತಾಳೆ. ಮುಚ್ಚಿಟ್ಟ ಕಷಾಯವೇ ಹೆಚ್ಚು ಅಪಾಯಕಾರಿ. ಹೇಳಲೇಬೇಕೆಂದರೆ “ಡಾಕ್ಟರನ್ನು ಕೇಳಿ ತಗೋ” ಎಂದು ಸೇರಿಸಿ ಹೇಳಿ. ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಲೇಹ್ಯ, ಬಾಟಲಿಗಳನ್ನು ಒಂದು ಚೀಲದಲ್ಲಿ ಹಾಕಿ ಪ್ರತಿ ಸಲವೂ ಆಸ್ಪತ್ರೆಗೆ ಒಯ್ಯುವ ಅಭ್ಯಾಸ ಮಾಡಿಸಿ. ಮದ್ದಿನ ಬದಲು ಅಕ್ಕಿರೊಟ್ಟಿ ಕಟ್ಟಿಕೊಂಡು ಹೋಗಿ. ಇಲ್ಲವೇ, “ಬಾ ಅಕ್ಕಾ, ಗುಡಿಯವರೆಗೆ ನಡೆದುಬರೋಣ” ಎನ್ನಿ. ದಾರಿಯಲ್ಲಿ ಬಿದ್ದಿದ್ದವನನ್ನು ಕಂಡ ಆ ಸಮಾರಿತನು ತನ್ನಲ್ಲಿದ್ದ ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದನು. ಅದು ಅವನ ಮನೆಮದ್ದು. ಅಷ್ಟಕ್ಕೇ ಬಿಟ್ಟು ಹೋಗಲಿಲ್ಲ; ಛತ್ರದವರೆಗೆ ಕರೆದೊಯ್ದನು, ಖರ್ಚು ಕೊಟ್ಟನು, ಮತ್ತೆ ಬರುತ್ತೇನೆಂದನು.

ನಮ್ಮ ತಾಯಂದಿರಿಗೂ ಸಹೋದರಿಯರಿಗೂ ಒಂದು ಬೇಡಿಕೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಮಹಿಳೆ ಹಿಂದಿನಿಂದ ಬಂದು, ಯಾರಿಗೂ ಕಾಣದಂತೆ ಪ್ರಭುವಿನ ಉಡುಪನ್ನು ಮುಟ್ಟಿದಳು. ಅವಳು ಬಯಸಿದ್ದು ಗುಟ್ಟಾಗಿ ಗುಣವಾಗುವುದನ್ನು. ಪ್ರಭು ಅವಳನ್ನು ಗುಟ್ಟಾಗಿ ಹೋಗಲು ಬಿಡಲಿಲ್ಲ. ಎಲ್ಲರ ಮುಂದೆ ಮಾತನಾಡಿಸಿ ಮಗಳೇ ಎಂದು ಕರೆದರು. ಎದೆಯಲ್ಲಿ ಗಡ್ಡೆ ಕೈಗೆ ಸಿಕ್ಕಿದರೆ, ತೊಟ್ಟಿನಿಂದ ರಕ್ತ ಬಂದರೆ, ಚರ್ಮ ಒಳಕ್ಕೆ ಎಳೆದುಕೊಂಡರೆ, ನೋವಿಲ್ಲವೆಂದು ಸುಮ್ಮನಿರಬೇಡಿ. ಆರಂಭದ ಗಡ್ಡೆ ಹೆಚ್ಚಾಗಿ ನೋಯುವುದೇ ಇಲ್ಲ. ಮಗಳ ಮದುವೆ ಮುಗಿಯಲಿ, ಹಬ್ಬ ಮುಗಿಯಲಿ ಎಂದು ಮುಂದೂಡಬೇಡಿ. ಆ ವಾರವೇ ತೋರಿಸಿ. ಎಲ್ಲ ಗಡ್ಡೆಯೂ ಕ್ಯಾನ್ಸರ್ ಅಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂಬುದನ್ನು ಪರೀಕ್ಷೆ ಹೇಳಬೇಕು, ಪಕ್ಕದ ಮನೆಯವರಲ್ಲ.

ಈ ಪೂಜೆಯಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ರೋಗಿಗಳ ಅಭ್ಯಂಗ ಸಂಸ್ಕಾರವನ್ನು ನೀಡಲಿದ್ದೇವೆ. ಇದು ಸಾಯುವವರಿಗೆ ಮಾತ್ರವೆಂದು ಹೆದರಿ ಹಿಂದೆ ಸರಿಯಬೇಡಿ. ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವವರೂ, ಗಂಭೀರ ಕಾಯಿಲೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರೂ ಧೈರ್ಯವಾಗಿ ಮುಂದೆ ಬರಬಹುದು. ಹಣೆಗೂ ಕೈಗೂ ಹಚ್ಚುವ ಆ ತೈಲ ಗಿಡದಿಂದಲೇ ಬಂದದ್ದು, ಮನುಷ್ಯರ ಕೈಗಳು ಹಿಂಡಿ ತೆಗೆದದ್ದು, ಧರ್ಮಸಭೆಯು ಪ್ರಾರ್ಥಿಸಿ ಆಶೀರ್ವದಿಸಿದ್ದು. ಸೃಷ್ಟಿ, ಶ್ರಮ, ಪ್ರಾರ್ಥನೆ ಮೂರೂ ಅದರಲ್ಲಿ ಸೇರಿವೆ. ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳಲು ದೇವರು ನಮ್ಮನ್ನು ಕೇಳಿಲ್ಲ.

ಪ್ರಾರ್ಥಿಸೋಣ. ಕರುಣಾಮಯರಾದ ತಂದೆಯೇ, ನಿಮ್ಮ ಭಕ್ತೆಯಾದ ಸಂತ ಅಗಾತಮ್ಮನವರ ಸೆರೆಮನೆಯ ಕತ್ತಲೆಗೆ ನಿಮ್ಮ ಪ್ರೇಷಿತನನ್ನು ಕಳುಹಿಸಿದಂತೆ, ನಮ್ಮ ರೋಗಿಗಳ ಬಳಿಗೆ ತಿಳಿವಳಿಕೆಯುಳ್ಳ ವೈದ್ಯರನ್ನೂ ಪ್ರೀತಿಯುಳ್ಳ ದಾದಿಯರನ್ನೂ ಕಳುಹಿಸಿರಿ. ಅವರನ್ನು ಕಳುಹಿಸಿದವರು ನೀವೇ ಎಂದು ಗುರುತಿಸುವ ವಿಶ್ವಾಸವನ್ನು ನಮಗೆ ಕೊಡಿರಿ. ದಣಿದವರ ಕಾಲಿಗೆ ಬಲವನ್ನೂ, ಬಿಗಿದ ಕೈಗಳಿಗೆ ಸಡಿಲಿಕೆಯನ್ನೂ, ಹೆದರಿದ ಮನೆಗಳಿಗೆ ವಿವೇಕವನ್ನೂ ದಯಪಾಲಿಸಿರಿ. ನಮ್ಮ ನಡುವಿನ ಯಾವ ಸಹೋದರಿಯೂ ಈ ದಾರಿಯಲ್ಲಿ ಒಂಟಿಯಾಗಿ ನಡೆಯದಿರಲಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡಿಕೊಳ್ಳುತ್ತೇವೆ. ಆಮೆನ್.